ಉತ್ತರ ಪಿನಾಕಿನಿಯ ಜಾಡಿನಲ್ಲಿ: ನಂದಿಯಿಂದ ವಿದುರಾಶ್ವತ್ಥದವರೆಗೆ

ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಹುಟ್ಟಿ, 597 ಕಿಲೋಮೀಟರ್ ಹರಿದು, ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳಕೊಲ್ಲಿಯನ್ನು ಸೇರುವ ಉತ್ತರ ಪಿನಾಕಿನಿಯನ್ನು ಬೈಕಿನಲ್ಲಿ ಹಿಂಬಾಲಿಸುವ ನಮ್ಮ ಯೋಜನೆ ಕೊನೆಗೂ ರಸ್ತೆಗಿಳಿದಿದೆ. ದೂರದ ಸವಾರಿಗೆ ಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಆದಷ್ಟು ದಾರಿ ಸವೆಸಿಬಿಡಲು ನೋಡುತ್ತಾರೆ. ನಾನೂ ಮಧುಗಿರಿಯ ಗೆಳೆಯರೊಬ್ಬರೂ ಆ ದಿನವನ್ನು ಪೂರ್ತಿಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಗೇ ಮೀಸಲಿಟ್ಟೆವು. ವರ್ಷದ ಬಹುಪಾಲು ಒಣಗಿಯೇ ಇರುವ ನದಿಯನ್ನು ಅದರ ಪಾತ್ರದಲ್ಲಷ್ಟೇ ಹುಡುಕಿದರೆ ಸಿಗುವುದು ಮರಳು ಮಾತ್ರ. ಜನ ನೀರನ್ನು ಹಿಡಿದಿಟ್ಟುಕೊಂಡ ಕಡೆಗಳಲ್ಲಿ, ಅಂದರೆ ಕಲ್ಯಾಣಿ, ಕೆರೆ, ತೂಬುಗಳಲ್ಲಿ ಹುಡುಕಬೇಕು, ಮತ್ತು ಅದಕ್ಕೆ ಬಿಡುವು ಬೇಕು.

ನಂದಿಬೆಟ್ಟದ ಮೇಲೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. 1,478 ಮೀಟರ್ ಎತ್ತರದ ಆ ನೆತ್ತಿಯಿಂದ ನೋಡಬೇಕಾದದ್ದು ಸೂರ್ಯೋದಯಕ್ಕಿಂತ ಹೆಚ್ಚಾಗಿ ನೆಲದ ಇಳಿಜಾರು ಎಂಬುದು ನನ್ನ ಅಭಿಪ್ರಾಯ. ಈ ಬೆಟ್ಟಸಾಲಿನ ನೀರು ಒಂದು ಕಡೆ ಉತ್ತರ ಪಿನಾಕಿನಿಯಾಗಿ ಆಂಧ್ರಕ್ಕೂ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಯಾಗಿ ಹೊಸಕೋಟೆಯ ಮೇಲೆ ಹಾದು ತಮಿಳುನಾಡಿಗೂ, ಮತ್ತೊಂದು ಕಡೆ ಅರ್ಕಾವತಿಯಾಗಿ ಕಾವೇರಿಗೂ ಹೋಗುತ್ತದೆ.

ಬೆಟ್ಟದ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಬೆಳಗಿನ ಉಳಿದ ಹೊತ್ತನ್ನೆಲ್ಲ ಕೊಟ್ಟೆವು. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರರ ಜೋಡಿ ಗುಡಿಗಳು, ಅವುಗಳ ನಡುವೆ ಉಮಾಮಹೇಶ್ವರನ ಸನ್ನಿಧಿ, ಅದರ ಮುಂದೆ ಬಳ್ಳಿ ಮತ್ತು ಗಿಳಿಗಳನ್ನು ಕಡೆದ ಕರಿಕಲ್ಲಿನ ಕಂಬಗಳ ಕಲ್ಯಾಣ ಮಂಟಪ. ಒಂಬತ್ತನೆಯ ಶತಮಾನದಷ್ಟು ಹಳೆಯ ಈ ನೆಲೆಗೆ ಚೋಳರೂ ಹೊಯ್ಸಳರೂ ವಿಜಯನಗರದವರೂ ತಮ್ಮ ತಮ್ಮ ಕಾಲದಲ್ಲಿ ಸೇರಿಸುತ್ತಲೇ ಹೋಗಿದ್ದಾರೆ. ಆದರೂ ನನ್ನನ್ನು ಬಹಳ ಹೊತ್ತು ಕೂರಿಸಿಕೊಂಡದ್ದು ಶೃಂಗಿ ತೀರ್ಥವೆಂಬ ಕಲ್ಯಾಣಿ. ನಂದಿಯು ಕೊಂಬಿನಿಂದ ನೆಲವನ್ನು ತಿವಿದು ಗಂಗೆಯನ್ನು ಬರಿಸಿದನೆಂಬುದೂ, ಅದೇ ದಕ್ಷಿಣ ಪಿನಾಕಿನಿಯ ಮೂಲವೆಂಬುದೂ ಇಲ್ಲಿನ ನಂಬಿಕೆ. ನಾಲ್ಕೂ ಕಡೆಯಿಂದ ಇಳಿಯುವ ಮೆಟ್ಟಿಲುಗಳಲ್ಲಿ ಕುಳಿತರೆ, ನೀರಿನ ಮಟ್ಟ ಎಷ್ಟೇ ಕೆಳಗಿಳಿದರೂ ಅದನ್ನು ಕೈಯಲ್ಲಿ ಮುಟ್ಟುವಂತೆ ಕಟ್ಟಿದವರ ಮುಂದಾಲೋಚನೆ ಮನಸ್ಸಿಗೆ ಬರುತ್ತದೆ.

ಅಲ್ಲಿಂದ ಮುದ್ದೇನಹಳ್ಳಿ ಹತ್ತಿರ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಊರಿನಲ್ಲೇ ಅವರ ಸಮಾಧಿಯೂ ಇದೆ. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ರಕ್ಷಣೆಯ ಯೋಜನೆ ರೂಪಿಸಿದವರು, ಕನ್ನಂಬಾಡಿಯ ಅಣೆಕಟ್ಟಿಗಾಗಿ ಶ್ರಮಿಸಿದವರು ಇಂಥ ಮಳೆಯಾಶ್ರಿತ ಹಳ್ಳಿಯಿಂದ ಬಂದವರೆಂಬುದನ್ನು ಅಲ್ಲೇ ನಿಂತು ನೆನೆಯುವುದು ಬೇರೆಯೇ ಅನುಭವ. ಅವರ ಸ್ವಂತ ಸೀಮೆಯ ಈ ನದಿಯಾದರೋ ಮದ್ರಾಸ್ ಮತ್ತು ಮೈಸೂರುಗಳ ನಡುವಿನ 1892ರ ಒಪ್ಪಂದದ ಪಟ್ಟಿಗೆ ಸೇರಿ, ಮೇಲ್ಭಾಗದಲ್ಲಿ ಹೊಸ ಜಲಾಶಯ ಕಟ್ಟಲು ಮದ್ರಾಸಿನ ಸಮ್ಮತಿಯನ್ನು ಕಾಯಬೇಕಾಯಿತು.

ಚಿಕ್ಕಬಳ್ಳಾಪುರದಲ್ಲಿ ಪೆಟ್ರೋಲ್ ತುಂಬಿಸಿ, ಸಾಮಾನಿನ ಭಾರಕ್ಕೆ ತಕ್ಕಂತೆ ಹಿಂದಿನ ಚಕ್ರದ ಗಾಳಿಯನ್ನು ಸರಿಪಡಿಸಿಕೊಂಡು, ಗೌರಿಬಿದನೂರು ರಸ್ತೆ ಹಿಡಿದೆವು. ರಂಗಸ್ಥಳದ ರಂಗನಾಥನ ದರ್ಶನ ಬೇಗನೆ ಮುಗಿಯಿತು. ಮಂಚೇನಹಳ್ಳಿಯ ಚಹಾದಂಗಡಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, ನಾವು ಹೊಳೆಯ ಜಾಡು ಹಿಡಿದು ಹೊರಟವರೆಂದು ತಿಳಿದೊಡನೆ, 2021ರ ನವೆಂಬರ್ ಮಳೆಯ ಮಾತು ತೆಗೆದರು. "ನೀವು ಆಗ ಬರಬೇಕಾಗಿತ್ತು ಸಾಮಿ, ಕೆರೆಗಳೆಲ್ಲ ಕೋಡಿ ಹೋಗಿದ್ದವು" ಎಂದವರ ಮುಖದಲ್ಲಿ ಆ ನೀರಿನ ಸಂತೋಷ ಇನ್ನೂ ಇತ್ತು. ಸುತ್ತಲಿನ ಹೊಲಗಳಲ್ಲಿ ಮುಸುಕಿನ ಜೋಳ ನಿಂತಿತ್ತು. ಅಲ್ಲಲ್ಲಿ ಕೊಳವೆಬಾವಿಯ ಆಸರೆಯಲ್ಲಿ ದ್ರಾಕ್ಷಿ ಮತ್ತು ಹಿಪ್ಪುನೇರಳೆ.

ಗೌರಿಬಿದನೂರನ್ನು ದಾಟಿ, ಇಳಿಹೊತ್ತಿಗೆ ವಿದುರಾಶ್ವತ್ಥ ತಲುಪಿದೆವು. ವಿದುರನು ನೆಟ್ಟದ್ದೆಂದು ಜನ ನಂಬಿದ್ದ ಹಳೆಯ ಅಶ್ವತ್ಥ ವೃಕ್ಷ 2001ರಲ್ಲಿ ಬಿದ್ದುಹೋಯಿತು; ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ಹಾಗೆಯೇ ಇವೆ. ಇದೇ ನದಿಯ ದಡದಲ್ಲಿ 1938ರ ಏಪ್ರಿಲ್ 25ರಂದು, ಶಿವಪುರದ ಧ್ವಜ ಸತ್ಯಾಗ್ರಹ ನಡೆದ ಎರಡೇ ವಾರಗಳಲ್ಲಿ, ನಿಷೇಧವನ್ನು ಮೀರಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದರ ಬೆನ್ನಿಗೇ ಬಂದದ್ದು ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್ ನಾಯಕ ಸರ್ದಾರ್ ಪಟೇಲರ ನಡುವಿನ ಮಿರ್ಜಾ–ಪಟೇಲ್ ಒಪ್ಪಂದ. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅದು ಅವಕಾಶ ನೀಡಿತು. ಹುತಾತ್ಮರ ಸ್ತೂಪದ ಮುಂದೆ ನಿಂತಾಗ, ನಮ್ಮ ಶಾಲಾ ಪಾಠಗಳಲ್ಲಿ ಜಲಿಯನ್‌ವಾಲಾ ಬಾಗ್‌ಗೆ ಸಿಕ್ಕಷ್ಟು ಜಾಗದಲ್ಲಿ ಒಂದು ಪಾಲಾದರೂ ಇದಕ್ಕೆ ಸಿಗಬೇಕಿತ್ತೆಂದು ಬಲವಾಗಿ ಅನ್ನಿಸಿತು. ಈ ದಾರಿಯಲ್ಲಿ ಹಿಂದೂಪುರದ ಕಡೆಗೆ ಹೋಗುವ ಸವಾರರು ಇಲ್ಲಿಗೆ ಒಂದು ಗಂಟೆಯನ್ನಾದರೂ ತೆಗೆದಿಡಬೇಕು. ಚಿತ್ರಶಾಲೆಯನ್ನು ನೋಡದೆ ಹೊರಡಬಾರದು.

ರಾತ್ರಿ ಗೌರಿಬಿದನೂರಿಗೆ ಮರಳಿ ತಂಗಿದೆವು. ಮುಂದಿನ ಹಂತದಲ್ಲಿ ಹಿಂದೂಪುರದಿಂದ ಲೇಪಾಕ್ಷಿಗೆ ಹೋಗಿಬಂದು, ಜಯಮಂಗಲಿಯು ಪಿನಾಕಿನಿಯನ್ನು ಕೂಡುವ ಪರಿಗಿಯ ಕಡೆಯಿಂದ ಪಾವಗಡದ ಸೀಮೆಗೆ ಸಾಗುವುದೆಂದು ತೀರ್ಮಾನಿಸಿದ್ದೇವೆ.