ಎರಡು ನಟ್ಟುಗಳ ಹಟ: ಮಾರುತಿ 800ರ ಹಿಂದಿನ ಸೈಲೆನ್ಸರ್ ಕಳಚಿದ ವೃತ್ತಾಂತ

ಹಿಂದಿನ ಸೈಲೆನ್ಸರ್ ಕೊನೆಗೂ ಕೆಳಗಿಳಿದಿದೆ. ಮುಲುಂಡಿನ ನಮ್ಮ ಸೊಸೈಟಿಯ ಅಂಗಳದಲ್ಲಿ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿದ್ದು, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟದ್ದು, ರಬ್ಬರ್ ಹ್ಯಾಂಗರುಗಳಿಗೆ ಸಾಬೂನು ನೀರು ಸವರಿ ಕೊಕ್ಕೆಯಿಂದ ಜಾರಿಸಿದ್ದು ಎಲ್ಲವೂ ನಿಮಗೆ ಗೊತ್ತಿರುವ ಕೆಲಸವಾದ್ದರಿಂದ ಬಿಡುತ್ತೇನೆ. ಬರೆಯಬೇಕಾಗಿರುವುದು ನಡುವಿನ ಪೈಪಿನ ಫ್ಲ್ಯಾಂಜಿನಲ್ಲಿ, ಅಂದರೆ ಸೈಲೆನ್ಸರ್ ಬಂದು ಸೇರುವ ಚಪ್ಪಟೆ ಅಂಚಿನಲ್ಲಿ, ಇದ್ದ ಎರಡು ನಟ್ಟುಗಳ ಬಗ್ಗೆ.

ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಸ್ಟೇಷನ್ನಿಗೂ ತರಕಾರಿ ಮಾರುಕಟ್ಟೆಗೂ ಮಾತ್ರ ಓಡಾಡುವ ಗಾಡಿಯಲ್ಲಿ ಸೈಲೆನ್ಸರಿನ ಹಿಂದಿನ ಡಬ್ಬಿ ಸರಿಯಾಗಿ ಕಾಯುವುದೇ ಇಲ್ಲವಾದ್ದರಿಂದ ಆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಹೊರಗಿನ ಪಾಲನ್ನು ಮುಂಬಯಿಯ ಮಳೆಗಾಲವೂ ಉಪ್ಪುಗಾಳಿಯೂ ನೋಡಿಕೊಳ್ಳುತ್ತವೆ. ತುಕ್ಕಿಗೆ ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಥ್ರೆಡ್ಡಿನೊಳಗೆ ಉಬ್ಬಿ ನಟ್ಟನ್ನೂ ಸ್ಟಡ್ಡನ್ನೂ (ನಟ್ಟು ಕೂರುವ ತಲೆಯಿಲ್ಲದ ಬೋಲ್ಟನ್ನೂ) ಒಂದಾಗಿಸಿಬಿಟ್ಟಿತ್ತು.

8 ಎಂಎಂ ಸ್ಟಡ್ಡಿನ ಮೇಲಿನ ಆ ನಟ್ಟುಗಳಿಗೆ 12ರ ಸ್ಪ್ಯಾನರ್ ಕೂರಬೇಕು. ತುಕ್ಕು ಹಿಡಿದು ಸವೆದಿದ್ದರಿಂದ 12 ಜಾರುತ್ತಿತ್ತು, 11 ಹೋಗುತ್ತಿರಲಿಲ್ಲ. ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಎಣ್ಣೆ) ಮತ್ತು ಅಸಿಟೋನ್ ಬೆರೆಸಿ ರಾತ್ರಿಯಿಡೀ ನೆನೆಸಿ, ಆರು ಮೂಲೆಯ 11ರ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿದಾಗ ಎಡಗಡೆಯದು ಅಲುಗಿತು. ಆದರೆ ಅದು ಬಿಡುವ ಲಕ್ಷಣವಾಗಿರಲಿಲ್ಲ. ಬಿಡುವ ನಟ್ಟು ಚಟ್ಟೆಂದು ಸದ್ದು ಮಾಡುತ್ತದೆ; ಇದು ಎಳೆಪಾಕದ ಬೆಲ್ಲದಂತೆ ಮೆತ್ತಗೆ ತಿರುಗುತ್ತಿತ್ತು, ಅಂದರೆ ತಿರುಚುತ್ತಿದ್ದದ್ದು ಸ್ಟಡ್ಡು. ಅದನ್ನು ಫ್ಲ್ಯಾಂಜಿಗೆ ವೆಲ್ಡ್ ಮಾಡಿರುವುದರಿಂದ ತುಂಡಾದರೆ ನಡುವಿನ ಪೈಪೂ ಹೋದಂತೆಯೇ. ಅಲ್ಲಿಗೇ ಕೈಬಿಟ್ಟೆ.

ಎರಡನೇ ಮಹಡಿಯ ಉಡುಪಿಯ ಹಿರಿಯರೊಬ್ಬರು ಬಗ್ಗಿ ನೋಡಿ, "ಎಂತ ಮಾರಾಯ್ರೆ, ಗ್ಯಾರೇಜಿನವನಿಗೆ ಕೊಟ್ಟಿದ್ದರೆ ಚಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತಲ್ಲ" ಎಂದರು. ಮುಗಿಯುತ್ತಿತ್ತು, ನಿಜ. ಗ್ಯಾರೇಜಿನವನು ಗ್ಯಾಸ್ ಜ್ವಾಲೆ ಹಿಡಿದು ನಟ್ಟನ್ನು ಕೆಂಪಗಾಗಿಸುತ್ತಾನೆ. ಪೆಟ್ರೋಲ್ ಟ್ಯಾಂಕಿನ ಇಷ್ಟು ಸಮೀಪ, ಅದೂ ಸೊಸೈಟಿಯ ಅಂಗಳದಲ್ಲಿ, ಜ್ವಾಲೆಯಾಗಲಿ ಗ್ರೈಂಡರಿನ ಕಿಡಿಯಾಗಲಿ ನನಗೆ ಬೇಡವಾಗಿತ್ತು.

ಸ್ಟಡ್ಡು ಉಳಿಯಬೇಕಾದರೆ ನಟ್ಟನ್ನೇ ಸೀಳಬೇಕು. ಹ್ಯಾಕ್ಸಾದ ಫ್ರೇಮು ಅಲ್ಲಿ ಹೋಗುವುದಿಲ್ಲವಾದ್ದರಿಂದ ಇಂಚಿಗೆ 32 ಹಲ್ಲಿನ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಸ್ಟಡ್ಡಿನ ಉದ್ದಕ್ಕೆ ಸಮಾನಾಂತರವಾಗಿ, ನಟ್ಟಿನ ಒಂದು ಮುಖವನ್ನು ಥ್ರೆಡ್ಡಿಗೆ ಕೂದಲೆಳೆಯಷ್ಟು ಈಚೆಯವರೆಗೆ ಕುಯ್ದೆ. ಕಣ್ಣಿಗೆ ಕನ್ನಡಕವಿದ್ದರೂ ಬಾಯಿಗೆ ಮುಚ್ಚಳವಿಲ್ಲದ್ದರಿಂದ ಒಂದಿಷ್ಟು ತುಕ್ಕು ಹೊಟ್ಟೆ ಸೇರಿತು. ಇನ್ನು ಕಬ್ಬಿಣಾಂಶದ ಮಾತ್ರೆ ಬೇಕಿಲ್ಲ. ಆ ಗೀರಿನಲ್ಲಿ ಚಪ್ಪಟೆ ಉಳಿಯಿಟ್ಟು ಬಡಿದಾಗ ನಟ್ಟು ಬಾಯಿಬಿಟ್ಟಿತು. ಒಳಗೆ ಥ್ರೆಡ್ಡಿನ ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ಕಂದು ಪುಡಿ. ಬಲಗಡೆಯದೂ ಹೀಗೆಯೇ ಬಂತು. ಸ್ಟಡ್ಡುಗಳ ಮೇಲೆ ಥ್ರೆಡ್ ತಿದ್ದುವ 1.25 ಎಂಎಂ ಪಿಚ್ಚಿನ ಡೈ ಓಡಿಸಿದ್ದೇನೆ. ಎಡಗಡೆಯದು ತುಸು ತಿರುಚಿದ್ದರೂ ಥ್ರೆಡ್ ಉಳಿದಿದೆ.

ಹೊಸ ಡಬ್ಬಿಯ ಕಥೆ ಬೇರೆ. ಕುರ್ಲಾದ ಸಿಎಸ್‌ಟಿ ರೋಡಿನ ಅಂಗಡಿಯವನು "ಕಂಪನಿ ಮಾಲು" ಎಂದು ಆಣೆಯಿಟ್ಟು ಕೊಟ್ಟದ್ದನ್ನು ಲೋಕಲಿನ ಲಗೇಜ್ ಡಬ್ಬಿಯಲ್ಲಿ ಮೀನುಬುಟ್ಟಿಗಳ ನಡುವೆ ತಂದೆ. ಮನೆಗೆ ಬಂದು ಉಗುರಿನಿಂದ ಗೀರಿದರೆ ಅಲ್ಯೂಮಿನಿಯಂ ಲೇಪನದ ಬದಲು ಬರೀ ಬೆಳ್ಳಿ ಬಣ್ಣ, ಅದರ ಕೆಳಗೆ ಸಾದಾ ತಗಡು. ಫ್ಲ್ಯಾಂಜಿನ ತೂತುಗಳೂ ಕೂಡಲಿಲ್ಲ; ದುಂಡು ಅರದಿಂದ ಉಜ್ಜಿ ಉದ್ದ ಮಾಡಬೇಕಾಯಿತು. ಜೊತೆಗೆ ಕೊಟ್ಟ ನಟ್ಟುಗಳು 13ರವು. ಜಪಾನಿ ಗಾಡಿಗಳ ಲೆಕ್ಕದಲ್ಲಿ ಅದು 12 ಇರಬೇಕೆಂದರೆ ಅವನು ನನ್ನನ್ನೇ ಕನಿಕರದಿಂದ ನೋಡಿದ. ಅವುಗಳನ್ನು ಬದಿಗಿಟ್ಟು ನಾಗದೇವಿ ಸ್ಟ್ರೀಟಿನಿಂದ ಹಿತ್ತಾಳೆಯ ನಟ್ಟುಗಳನ್ನು ತಂದೆ. ಅವು ಸ್ಟಡ್ಡಿನೊಂದಿಗೆ ತುಕ್ಕಿನಿಂದ ಬೆಸೆದುಕೊಳ್ಳುವುದಿಲ್ಲ. ಥ್ರೆಡ್ಡಿಗೆ ತಾಮ್ರದ ಗ್ರೀಸನ್ನೂ ಹಚ್ಚಿದ್ದೇನೆ.

ಎಂಜಿನ್ ಐಡಲ್‌ನಲ್ಲಿರುವಾಗ ಕೊಳವೆಯ ಬಾಯಿಗೆ ದಪ್ಪ ಬಟ್ಟೆಯನ್ನು ಕ್ಷಣಕಾಲ ಒತ್ತಿ ಹಿಡಿದು ನೋಡಿದೆ: ಕೀಲಿನಲ್ಲಿ ಸೋರುವ ಸದ್ದಿಲ್ಲ. ಕೆಳಗೆ ಮಲಗಿದ್ದಾಗಲೇ ಕಂಡದ್ದು, ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಹೊರಕವಚ ಬಿರಿದು ಒಳಗಿನ ಉಕ್ಕಿನ ಸುರುಳಿ ಕಾಣುತ್ತಿದೆ. ಅದಕ್ಕಾಗಿ ಬ್ರೇಕ್ ಡ್ರಮ್ಮುಗಳನ್ನು ಹೇಗೂ ಬಿಚ್ಚುವುದರಿಂದ ವೀಲ್ ಸಿಲಿಂಡರುಗಳ ರಬ್ಬರನ್ನೂ ಬದಲಿಸುವ ಯೋಚನೆಯಿದೆ. ಕೇಬಲ್ಲಿಗೆ ಮಾತ್ರ ಬೇರೆ ಅಂಗಡಿ ಹುಡುಕುತ್ತಿದ್ದೇನೆ.