ಉಜಿಗೆ ಹೋದರೆ ನದಿ ದಾಟಿ ಉಜಿಗಾಮಿ ಗುಡಿಯನ್ನೂ ನೋಡಿ

ಜಪಾನಿನ ಕ್ಯೋಟೊದಿಂದ ಪಕ್ಕದ ಉಜಿ ಊರಿಗೆ ಹೋಗುವ ಹೆಚ್ಚಿನವರು ಬ್ಯೋದೊಇನ್ ಬೌದ್ಧ ದೇವಾಲಯ ನೋಡಿ, ಮಚ್ಚಾ (ಹಸಿರು ಚಹಾ ಪುಡಿ) ಐಸ್‌ಕ್ರೀಂ ತಿಂದು ವಾಪಸ್ ರೈಲು ಹತ್ತುತ್ತಾರೆ. ಹಾಗೆ ಮಾಡಬೇಡಿ. ನದಿಯ ಆಚೆ ದಡದಲ್ಲಿ ಉಜಿಗಾಮಿ ಗುಡಿ ಇದೆ, ಜಪಾನಿನ ಮೂಲ ಧರ್ಮವಾದ ಶಿಂಟೋದ್ದು. ಟಿಕೆಟ್ ಇಲ್ಲ, ಗಲಾಟೆಯೂ ಕಡಿಮೆ.

ಜಪಾನಿನಲ್ಲಿ ಇವತ್ತಿಗೂ ಉಳಿದಿರುವ ಶಿಂಟೋ ಗುಡಿ ಕಟ್ಟಡಗಳಲ್ಲಿ ಇದೇ ಅತಿ ಹಳೆಯದು. ಮರದ ಬೆಳವಣಿಗೆಯ ಉಂಗುರಗಳನ್ನು ಪರೀಕ್ಷಿಸಿದಾಗ ಸುಮಾರು 1060ರ ಕಾಲದ್ದು ಎಂದು ತಿಳಿಯಿತು. ಇಸೆಯ ದೊಡ್ಡ ಗುಡಿಯನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ದೇಶದಲ್ಲಿ ಇಷ್ಟು ಹಳೆಯ ಮರದ ಗುಡಿ ಉಳಿದಿರುವುದು ಸಣ್ಣ ಮಾತಲ್ಲ. 1994ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲೂ ಇದೆ.

ಜೆಆರ್ (ಜಪಾನ್ ರೈಲ್ವೆ) ಸ್ಟೇಷನ್‌ಗಿಂತ ಕೇಹಾನ್ ರೈಲು ಲೈನಿನ ಉಜಿ ಸ್ಟೇಷನ್ ಹತ್ತಿರ, ಅಲ್ಲಿಂದ ಸುಮಾರು 10 ನಿಮಿಷದ ನಡಿಗೆ. ದಾರಿಯಲ್ಲಿ ಮೊದಲು ಉಜಿ ಗುಡಿ ಸಿಗುತ್ತದೆ. ಹೆಸರು ಹತ್ತಿರ ಹತ್ತಿರ ಇದೆ ಅಂತ ಅಲ್ಲೇ ನಿಲ್ಲಬೇಡಿ, ಇನ್ನೂ ಸ್ವಲ್ಪ ಮೇಲಕ್ಕೆ ಹೋಗಿ.

ಒಳಗೆ ಬಂದ ಕೂಡಲೇ ಕಾಣುವುದು ಪ್ರಾರ್ಥನಾ ಮಂಟಪ, ಮುಂದೆ ಶುದ್ಧಿಗೆಂದು ಮಾಡಿದ ಎರಡು ಮರಳಿನ ಗುಪ್ಪೆ. ಮಂಟಪ 13ನೇ ಶತಮಾನದ್ದು, ಆಗಿನ ಶ್ರೀಮಂತರ ಮನೆಯ ಶೈಲಿ. ಸುಮಾರು ಜನ ಇಲ್ಲೇ ಫೋಟೋ ತೆಗೆದು ಹೊರಡುತ್ತಾರೆ. ಅಸಲಿ ಗುಡಿ ಇದರ ಹಿಂದೆ, ಮೆಟ್ಟಿಲ ಮೇಲಿದೆ. ಹೊರಗಿಂದ ನೋಡಿದರೆ ಸುಮ್ನೆ ಮರದ ಜಾಲರಿ, ಸೈಪ್ರೆಸ್ ತೊಗಟೆಯ ದಪ್ಪ ಮಾಡು, ಅಷ್ಟೇ. ಬಣ್ಣ, ಚಿನ್ನ ಏನೂ ಇಲ್ಲ. ಜಾಲರಿಗೆ ಮುಖ ಹತ್ತಿರ ತಂದು ಸ್ವಲ್ಪ ಹೊತ್ತು ನಿಲ್ಲಿ. ಒಂದೇ ಮಾಡಿನ ಕೆಳಗೆ ಮೂರು ಪುಟ್ಟ ಗುಡಿಗಳು ಸಾಲಾಗಿ ಕಾಣುತ್ತವೆ. ನಡುವಿನದು ಚಿಕ್ಕದು, ಅಕ್ಕಪಕ್ಕದವು ದೊಡ್ಡವು. ಬದಿಯ ಗುಡಿಗಳ ತೊಲೆಯ ಮೇಲೆ ಕಪ್ಪೆ ಕಾಲು ಚಾಚಿದಂತಿರುವ ಮರದ ಆಧಾರಗಳಿವೆ. ಬಡಗಿ ಕೆಲಸದಲ್ಲಿ ಆಸಕ್ತಿ ಇದ್ದವರಿಗೆ ಇವೇ ಸಾಕು.

ಇಲ್ಲಿನ ದೇವರು ಓಜಿನ್ ಚಕ್ರವರ್ತಿ ಮತ್ತು ಅವನ ಇಬ್ಬರು ಮಕ್ಕಳು. ಅಣ್ಣನಿಗೆ ಪಟ್ಟ ಸಿಗಲಿ ಎಂದು ಕಿರಿಯ ಮಗ ಪ್ರಾಣವನ್ನೇ ಬಿಟ್ಟ ಎಂಬ ಕಥೆ ಇದೆ. ಅವನಿಗೆ ದಾರಿ ತೋರಿಸಿತು ಎನ್ನುವ ಮೊಲದ ಆಕಾರದಲ್ಲಿ ಭವಿಷ್ಯದ ಚೀಟಿ ಮಾರುತ್ತಾರೆ, ಚಿಲ್ಲರೆ ಇಟ್ಟುಕೊಳ್ಳಿ. ಆವರಣದಲ್ಲೇ ಕಿರಿಹಾರಾ ಬುಗ್ಗೆ ಇದೆ. ಉಜಿಯ ಏಳು ಹೆಸರಾಂತ ನೀರುಗಳಲ್ಲಿ ಇವತ್ತಿಗೂ ಉಕ್ಕುತ್ತಿರುವುದು ಇದೊಂದೇ.

ಸಂಜೆಗೆ ಬೇಗ ಮುಚ್ಚುತ್ತಾರೆ. ಬೆಳಗ್ಗೆ ಮೊದಲು ಇಲ್ಲಿಗೆ ಬನ್ನಿ, ಆಮೇಲೆ ಸೇತುವೆ ದಾಟಿ ಬ್ಯೋದೊಇನ್‌ಗೆ ಹೋಗಿ.