ಎಷ್ಟು ಕಿಲೋ ಇದ್ದವು?

"ಅವ್ವಾ, ಎಷ್ಟು ಕಿಲೋ ಇದ್ದವು?"

ಪಕ್ಕದ ಮನೆಯ ಕಾಕಾ ಕೇಳಿದ್ದು ಇಷ್ಟೇ. ಸತ್ತ ಕೋಳಿಗಳನ್ನು ಇನ್ನೂ ನೋಡಿರಲಿಲ್ಲ, ಹಿತ್ತಲಿಗೆ ಕಾಲಿಟ್ಟಿರಲಿಲ್ಲ. ಹೊಸ್ತಿಲ ಆಚೆ ನಿಂತು, ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು. ವೈನಿ, ಅಂದರೆ ನನ್ನ ಅತ್ತಿಗೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು: "ನಿಮ್ಮ ನಾಯಿ ತಕ್ಕಡಿ ಹಿಡಿದುಕೊಂಡು ಬಂದಿರಲಿಲ್ಲ, ಕಾಕಾ."

ರವಿವಾರ ಬೆಳಿಗ್ಗೆ ಶಹಾಬಾದಿನ ಅಣ್ಣನ ಮನೆಯಲ್ಲಿ ನಡೆದ ಮಾತಿದು. ಕಲಬುರಗಿಗೆ ಮರಳಿ ಕಚೇರಿಯ ಕಡತಗಳ ಮುಂದೆ ಕುಳಿತರೂ ಆ ಎರಡು ಮಾತು ಕಿವಿ ಬಿಟ್ಟು ಇಳಿಯುತ್ತಿಲ್ಲ.

ವೈನಿ ಸಾಕುವುದು ಗಿರಿರಾಜ ಕೋಳಿ. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆಂದೇ ಬೆಳೆಸಿದ ತಳಿ. ಕೆದರಿ ತಿನ್ನುತ್ತದೆ, ಚೆನ್ನಾಗಿ ಮೈ ತುಂಬಿಕೊಳ್ಳುತ್ತದೆ. ಆ ಮೈಯೇ ಅದಕ್ಕೆ ಮುಳುವು. ಜವಾರಿ ಕೋಳಿಯಾದರೆ ಸಪ್ಪಳ ಕೇಳಿದೊಡನೆ ಗೋಡೆ ಹಾರಿ ಬೇವಿನ ಮರ ಏರುತ್ತದೆ. ಗಿರಿರಾಜ ಕತ್ತಲಾದ ಮೇಲೆ ನೆಲದಲ್ಲೇ ಒಂದಕ್ಕೊಂದು ಒತ್ತಿಕೊಂಡು ಕೂರುತ್ತದೆ. ಗೂಡು ಗಟ್ಟಿಯಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹನ್ನೊಂದರಲ್ಲಿ ಒಂಬತ್ತು ಸತ್ತಿದ್ದವು. ಬೋರಲು ಬಿದ್ದ ನೀರಿನ ಬುಟ್ಟಿಯ ಹಿಂದೆ ಎರಡು ಉಸಿರು ಬಿಗಿಹಿಡಿದು ಕೂತಿದ್ದವು. ಅಣ್ಣ ದಿನಪತ್ರಿಕೆಯಿಂದ ತಲೆ ಎತ್ತದೆ "ಮುಂಗುಸಿ ಇರಬೇಕು" ಎಂದ. ನಮ್ಮಲ್ಲಿ ಹಿತ್ತಲಿನಲ್ಲಿ ಏನು ಸತ್ತರೂ ಮುಂಗುಸಿಯ ತಲೆಗೆ ಕಟ್ಟುವುದು ವಾಡಿಕೆ; ಅದು ಬಂದು ತಕರಾರು ಮಾಡುವುದಿಲ್ಲವಲ್ಲ. ಆದರೆ ಮುಂಗುಸಿ ಹಗಲಿನ ಬೇಟೆಗಾರ. ರಾತ್ರಿ ಬರುವ ಕಾಡುಬೆಕ್ಕು ಸಾಮಾನ್ಯವಾಗಿ ಒಂದನ್ನು ಕಚ್ಚಿಕೊಂಡು ಹೊರಟುಬಿಡುತ್ತದೆ. ತಿನ್ನದೆಯೇ, ಅಲುಗಾಡುವುದೆಲ್ಲ ನಿಲ್ಲುವ ತನಕ ಕೊಂದು ಬಿಸಾಡಿ ಹೋಗುವುದು ನಾಯಿಯ ಕೆಲಸ. ಸಾಲದ್ದಕ್ಕೆ ಹರಿದ ತಂತಿಯ ತುದಿಯಲ್ಲಿ ಕಂದು ಕೂದಲಿನ ಚಿಕ್ಕ ಗೊಂಚಲು ಸಿಕ್ಕಿಕೊಂಡಿತ್ತು. ಓಣಿಯಲ್ಲಿ ಆ ಬಣ್ಣದ ನಾಯಿ ಇರುವುದು ಒಂದೇ. ಅಣ್ಣನಿಗೂ ಅದು ಕಂಡಿತ್ತು. ಕಾಕಾನ ಬೈಕು ಬೇಕಾದಾಗಲೆಲ್ಲ ಸಿಗುತ್ತದೆ ಎಂಬುದನ್ನು ಅವನು ಮರೆಯುವ ಮನುಷ್ಯನಲ್ಲ.

ಗೂಡಿಗೆ ಆರು ಮೂಲೆಯ ಕಣ್ಣಿನ ತೆಳು ಜಾಲರಿ ಬಿಗಿದಿದ್ದು ಅಂಗಡಿಯವನ ಸಲಹೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ. ಹಲ್ಲು ಸಿಕ್ಕಿಸಿ ಎಳೆದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಮೇಲಾಗಿ ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಗಟ್ಟಿಯಾಗಿ ಹೂತ ಗೂಟವೂ ವರ್ಷ ತುಂಬುವುದರೊಳಗೆ ಅಲುಗಾಡಿ, ಜಾಲರಿಯ ಕೆಳಗೆ ಪಂಜ ತೂರುವಷ್ಟು ಸಂದಿ ಬಿಡುತ್ತದೆ.

ಕಾಕಾ ಕೆಟ್ಟವರಲ್ಲ. ಓಣಿಯಲ್ಲಿ ಯಾರು ತೀರಿಕೊಂಡರೂ ಮೊದಲು ಹೆಗಲು ಕೊಡುವವರು ಅವರೇ. "ತಪ್ಪಾಯಿತು" ಎನ್ನಲು ಮಾತ್ರ ಅವರಿಗೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಕಿಲೋ ಎಂದರು ಅಂದುಕೊಳ್ಳುತ್ತೇನೆ. ಅವರು ಲೆಕ್ಕ ಹಾಕಿದ್ದು ಬ್ರಾಯ್ಲರ್ ದರದಲ್ಲಿ ಎಂಬುದು ಬೇರೆ ಮಾತು. 6 ವಾರದಲ್ಲಿ 2 ಕಿಲೋ ತೂಗುವ ಬ್ರಾಯ್ಲರ್ ಎಲ್ಲಿ, ತಿಂಗಳುಗಟ್ಟಲೆ ಜೋಳದ ನುಚ್ಚು ಹಾಕಿ, ಸಂಜೆಗೆ ಕೂಗಿ ಕರೆದು ಗೂಡು ಸೇರಿಸಿದ ಈ ಕೋಳಿಗಳೆಲ್ಲಿ! ವೈನಿಯ ಮಗಳ ಶಾಲೆಯ ಫೀಸು ಇವುಗಳ ಕಾಲಿಗೇ ಕಟ್ಟಿತ್ತು.

ವೈನಿಗೆ ಸಿಟ್ಟು ತರಿಸಿದ್ದು ದರ ಅಲ್ಲ, ತೂಕ ಎಂದು ನನಗೆ ಅನಿಸುತ್ತದೆ. ತೊಗರಿಯ ನಾಡಿನ ರೈತರ ಮನೆಯ ಹೆಣ್ಣುಮಗಳು ಅವರು. ಮನೆಯವರು ಬಿತ್ತಿ, ಕಳೆ ತೆಗೆದು, ಕೊಯ್ದು, ಬಡಿದು ತಂದ ಕಾಳನ್ನು ಕೊಳ್ಳುವವರು ಹಸಿ ಇದೆ, ಮಣ್ಣಿದೆ ಎಂದು ಹೇಳಿ ತೂಕದಲ್ಲಿ ಮುರಿದುಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದವರು. ತಕ್ಕಡಿ ಯಾವಾಗಲೂ ಎದುರಿನವರ ಕೈಯಲ್ಲಿ. ಕೋಳಿಯೊಂದರಲ್ಲಿ ಮಾತ್ರ ದರ ಹೇಳುವವರು ವೈನಿ. ಬೇಕಾದವರು ಹಿತ್ತಲಿಗೇ ಬಂದು, ಕೈಯಲ್ಲಿ ಎತ್ತಿ ನೋಡಿ ಒಯ್ಯುತ್ತಾರೆ. ಅಲ್ಲಿಗೂ ಕಿಲೋ ಬಂದು ನಿಂತಿತು. ಇಷ್ಟೆಲ್ಲ ಅವರು ಹೇಳಲಿಲ್ಲ, ನಾನೇ ಹೆಣೆಯುತ್ತಿದ್ದೇನೆ.

ಸತ್ತವನ್ನು ಸಾರು ಮಾಡಬಹುದಿತ್ತಲ್ಲ ಎಂದು ಕಾಕಿ ಸೂಚಿಸಿದರಂತೆ. ವೈನಿ ಆಳವಾಗಿ ಗುಂಡಿ ತೋಡಿಸಿ, ಸುಣ್ಣ ಹಾಕಿ ಮುಚ್ಚಿದರು. ತಿಪ್ಪೆಗೆ ಎಸೆದರೆ ಓಣಿಯ ನಾಯಿಗಳಿಗೆಲ್ಲ ರುಚಿ ಹತ್ತುತ್ತದೆ.

ಗೂಡಿಗೆ ಈಗ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಬಂದಿದೆ. ಸುತ್ತಲೂ ಅಡಿಯಷ್ಟು ಆಳಕ್ಕೆ ಪರಸಿ ಕಲ್ಲಿನ ತುಂಡುಗಳನ್ನು ನೆಟ್ಟಗೆ ಹೂತಿದ್ದಾರೆ. ಶಹಾಬಾದಿನಲ್ಲಿ ಕಲ್ಲಿಗೇನು ಬರ? ಪಾಲಿಶ್ ಮಾಡುವಲ್ಲಿ ಒಡೆದ ತುಂಡು ಕೇಳಿದಷ್ಟು ಸಿಗುತ್ತದೆ.

ಮಂಗಳವಾರ ಕಾಕಾ ಕಾಲು ಕಟ್ಟಿದ ಬಿಳಿ ಬ್ರಾಯ್ಲರ್‌ಗಳನ್ನು ತಲೆಕೆಳಗಾಗಿ ಹಿಡಿದು ಬಂದರಂತೆ, ಲೆಕ್ಕಕ್ಕೆ ಸರಿಯಾಗಿ ಒಂಬತ್ತು. ವೈನಿ ಮುಟ್ಟಲಿಲ್ಲ. "ಕೊಕ್ಕರೆ ರೋಗದ ಲಸಿಕೆ ಆಗಿದೆಯೇ?" ಎಂದರು. ಕೋಳಿಯಿಂದ ಕೋಳಿಗೆ ಬೇಗ ಹರಡುವ ರೋಗ ಅದು. ಕಾಕಾನಿಗೆ ಗೊತ್ತಿರಲಿಲ್ಲ. ಹಾಗಾದರೆ ಹೊಸ ಕೋಳಿಯನ್ನು ಹಳೆಯದರ ಜೊತೆ ಬಿಡುವಂತಿಲ್ಲ. ಹದಿನೈದು ದಿನ ನಿಮ್ಮ ಹಿತ್ತಲಲ್ಲೇ ಇರಲಿ, ರೋಗ ಕಾಣದಿದ್ದರೆ ಆಮೇಲೆ ತನ್ನಿ ಎಂದು ವಾಪಸು ಕಳಿಸಿದ್ದಾರೆ. ವೈನಿ ಹೇಳಿದ್ದು ಅಕ್ಷರಶಃ ನಿಜ, ಪಶುವೈದ್ಯರೂ ಅದನ್ನೇ ಹೇಳುತ್ತಾರೆ. ಕಾಕಾಗೆ ಎದುರಾಡಲು ಬಾಯಿ ಇಲ್ಲ.

ಈಗ ಒಂಬತ್ತು ಕೋಳಿಗಳನ್ನು ತಮ್ಮದೇ ನಾಯಿಯಿಂದ ಕಾಯುವುದು ಕಾಕಾನ ಪಾಲಿಗೆ ಬಂದಿದೆ. ಎಂದೂ ಸರಪಳಿ ಕಾಣದ ನಾಯಿಯನ್ನು ಕಟ್ಟಿಹಾಕಿದ್ದಾರೆ. ಅದು ರಾತ್ರಿಯಿಡೀ ಬೊಗಳುತ್ತದೆ, ಓಣಿಯವರಿಗೆ ನಿದ್ದೆಯಿಲ್ಲ. ದೂರು ಹೇಳಲು ಅವರೆಲ್ಲ ಬರುತ್ತಿರುವುದು ವೈನಿಯ ಬಳಿಗೆ.